ಅವಳ ಸಾವಿನ ಚಿತ್ರ ಬಿಡಿಸದೆ ಅವಳ ಕಥೆ ಹೇಳಬಹುದಾ?

ಪ್ರಶ್ನೆ: ನಾನು ಸುರಪುರ ಕಡೆಯವಳು, ವಯಸ್ಸು 27. ಕಲಬುರಗಿಯಲ್ಲಿ ಚಿತ್ರಕಲೆ ಓದಿ ಈಗ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲೇ ಇದ್ದ ಹುಡುಗಿ ಮತ್ತು ನಾನು ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದೆವು. ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಓದು ಮುಗಿದ ಮೇಲೆ ಅವಳಿಗೆ ಮದುವೆ ಮಾಡಿದರು. ಎರಡು ವರ್ಷದೊಳಗೆ ಅವಳು ತಾನಾಗಿಯೇ ಜೀವ ಕಳೆದುಕೊಂಡಳು. ನಾನು ಎಂಥವಳು ಎಂದು ನನಗೆ ನಾನೇ ಒಪ್ಪಿಕೊಂಡಿದ್ದು ಅದಾದ ಮೇಲೆ. ಈಗ ಈ ಕಥೆಯನ್ನು 12 ಚಿತ್ರಗಳಲ್ಲಿ ಹೇಳಬೇಕು ಅಂತಿದ್ದೇನೆ. ಕರಡು ಮಾಡಿದ್ದೇನೆ. ಎಲ್ಲದರಲ್ಲೂ ಅವಳ ಮುಖ ಇದೆ, ನನ್ನದು ಬೆನ್ನು ಅಥವಾ ಸೆರಗು. 11ನೆಯದು ಸಾವು, 12ನೆಯದು ಬೆಳಕು. ಜೊತೆಯವರು ‘ನೋಡಿದ ಕೂಡಲೇ ಅರ್ಥ ಆಗಬೇಕು, ಸಾವು ತೋರಿಸದಿದ್ದರೆ ಯಾರಿಗೂ ತಟ್ಟಲ್ಲ’ ಅನ್ನುತ್ತಾರೆ. ಆದರೆ 11ನೆಯದನ್ನು ಬಿಡಿಸಲು ಕೂತ ರಾತ್ರಿ ನಿದ್ದೆ ಬರುವುದಿಲ್ಲ. ಅವಳು ಬರೆದ ಪತ್ರಗಳು ನನ್ನ ಹತ್ತಿರ ಇವೆ, ಕ್ಯಾನ್ವಾಸಿಗೆ ಅಂಟಿಸಬಹುದಾ? ಊರವರು ಗುರುತು ಹಿಡಿದರೆ ಏನು ಮಾಡಲಿ?

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇವೆ.)

ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಇಟ್ಟುಕೊಂಡಿದ್ದೆ. ಮೂರನೇ ದಿನ ಮತ್ತೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳ ಸಾವಿನ ಬಗ್ಗೆ ನೀವು ಒಂದು ಪುಟ ಪೂರ್ತಿ ಬರೆದಿದ್ದೀರಿ. ಅದನ್ನು ಇಲ್ಲಿ ಹಾಕಿಲ್ಲ. ತಾಟಿನ ಬಗ್ಗೆ ಮೂರೇ ಪದ. ಆದರೆ ನಾನು ಮತ್ತೆ ಮತ್ತೆ ಹೋಗಿ ನಿಂತಿದ್ದು ಆ ಮೂರು ಪದಗಳ ಹತ್ತಿರ.

ನಿಮ್ಮ ಆತಂಕ ನನಗೆ ಅರ್ಥ ಆಗಿದ್ದು ಹೀಗೆ. ಸಾವು ತೋರಿಸಿದರೆ ಅವಳಿಗೆ ಅನ್ಯಾಯ, ತೋರಿಸದಿದ್ದರೆ ಕಥೆಗೆ ಅನ್ಯಾಯ. ಅದರ ಕೆಳಗೆ ಇನ್ನೊಂದಿದೆ, ಅದನ್ನು ನೀವು ಬಾಯಿಬಿಟ್ಟು ಕೇಳಿಲ್ಲ: ಅವಳಿಲ್ಲ, ನಾನಿದ್ದೇನೆ, ಈ ಕಥೆಯನ್ನು ಹೇಳುವ ಹಕ್ಕು ನನಗಿದೆಯಾ? ಇದೆ. ಅರ್ಧ ಕಥೆ ನಿಮ್ಮದು. ಆ ಅರ್ಧ ಯಾವುದು ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ‘ನೋಡಿದ ಕೂಡಲೇ ಅರ್ಥ ಆಗಬೇಕು’ ಅನ್ನುವ ಮಾತು. ಅದು ಪೋಸ್ಟರಿನ ನಿಯಮ. ಆ ಕೆಲಸದಲ್ಲಿ ನಮ್ಮೂರು ಕಲಬುರಗಿಯ ಎಸ್.ಎಂ. ಪಂಡಿತರನ್ನು ಮೀರಿಸಿದವರು ಕಡಿಮೆ. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬಿಡಿಸಿದವರು. ರಸ್ತೆಯ ಆ ಬದಿಯಿಂದ ಒಂದು ನೋಟ ಹಾಕಿದರೆ ಸಾಕು, ಯಾರು ಪ್ರೀತಿಸುತ್ತಾರೆ, ಯಾರು ಅಳುತ್ತಾರೆ ಎಂದು ಗೊತ್ತಾಗಬೇಕು. ಕಣ್ಣಿನ ಹೊಳಪು, ಕೈಯ ತಿರುವು, ಮುಖದ ಮೇಲೆ ಒಂದೇ ಕಡೆಯಿಂದ ಬೀಳುವ ಬೆಳಕು, ಎಲ್ಲ ಅದಕ್ಕೇ ದುಡಿಯುತ್ತವೆ. ಆದರೆ ಪೋಸ್ಟರಿನ ಕೆಲಸ ಜನರನ್ನು ಥಿಯೇಟರಿನ ಒಳಗೆ ಕರೆಯುವುದು. ನಿಮ್ಮ ನೋಡುಗರು ಆಗಲೇ ಒಳಗೆ ಬಂದು ನಿಂತಿರುತ್ತಾರೆ. ಅವರಿಗೆ ಅವಸರ ಇಲ್ಲ, ನಿಮಗೂ ಬೇಡ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನನ್ನ ಅಣ್ಣ ಅಪಘಾತದಲ್ಲಿ ತೀರಿಕೊಂಡ ವರ್ಷ ಆರು ಅಡಿಯ ಕ್ಯಾನ್ವಾಸ್ ಮೇಲೆ ಎಲ್ಲವನ್ನೂ ಬಿಡಿಸಿದೆ. ರಸ್ತೆ, ರಕ್ತ, ಅವ್ವನ ಬಾಯಿ. ಪ್ರದರ್ಶನಕ್ಕೆ ಬಂದವರು ಅದರ ಮುಂದೆ ನಿಂತು ‘ಛೇ, ಪಾಪ’ ಅಂದರು, ಮುಂದಕ್ಕೆ ಹೋದರು. ಮೂಲೆಯಲ್ಲಿ ಜಾಗ ಖಾಲಿ ಇದೆ ಎಂದು ಒಂದು ಚಿಕ್ಕ ಕರಡನ್ನು ತೂಗುಹಾಕಿದ್ದೆ. ಗೋಡೆಗೆ ಒರಗಿಸಿದ ಅಣ್ಣನ ಸೈಕಲ್, ಕ್ಯಾರಿಯರಿನಲ್ಲಿ ಸಿಕ್ಕಿಸಿದ ಬುತ್ತಿ ಗಂಟು. ಅಷ್ಟೇ. ಸಂಜೆ ಚಹಾ ತಂದ ಹುಡುಗ ಅದರ ಮುಂದೆ ನಿಂತು ಕೇಳಿದ: “ಸರ್, ಈ ಸೈಕಲ್ ಯಾರ್ದ್ರಿ? ಬುತ್ತಿ ಹಂಗೇ ಐತಲ್ರಿ.” ಆ ದೊಡ್ಡ ಕ್ಯಾನ್ವಾಸನ್ನು ಆಮೇಲೆ ನಾನು ಎಲ್ಲೂ ತೋರಿಸಲಿಲ್ಲ.

ಯಾಕೆ ಹೀಗಾಗುತ್ತದೆ? ಚಿತ್ರಕ್ಕೆ ಕಥೆಯಂತೆ ಮುಂದೆ ಸಾಗಲು ಬರುವುದಿಲ್ಲ. ಒಂದು ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ, ಅದೇ ಕ್ಷಣ ಗೋಡೆಯ ಮೇಲೆ ಉಳಿಯುತ್ತದೆ. ಜರ್ಮನಿಯ ಲೆಸಿಂಗ್ ಎಂಬ ವಿಮರ್ಶಕ 1766ರಲ್ಲೇ ಇದನ್ನು ವಾದ ಮಾಡಿ ತೋರಿಸಿದ. ಹಾವು ಸುತ್ತಿಕೊಂಡ ತಂದೆ, ಇಬ್ಬರು ಮಕ್ಕಳ ಹಳೆಯ ಶಿಲ್ಪವೊಂದಿದೆ, ಲಾಕೊವಾನ್ ಅಂತ. ಆ ತಂದೆಯ ಬಾಯಿ ಪೂರ್ತಿ ತೆರೆದಿಲ್ಲ, ಚೀರುವುದಕ್ಕಿಂತ ನಿಟ್ಟುಸಿರು ಬಿಟ್ಟ ಹಾಗಿದೆ. ತುತ್ತತುದಿಯ ಕ್ಷಣವನ್ನೇ ತೋರಿಸಿಬಿಟ್ಟರೆ ನೋಡುವವರ ಕಲ್ಪನೆಗೆ ಹೋಗಲು ಜಾಗ ಇರುವುದಿಲ್ಲ ಎಂಬುದು ಅವನ ಮಾತಿನ ತಿರುಳು. ತುದಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತರೆ ಉಳಿದ ಮೆಟ್ಟಿಲನ್ನು ನೋಡುವವರೇ ಹತ್ತುತ್ತಾರೆ. ಇನ್ನೊಂದು ತೊಂದರೆಯೂ ಇದೆ. 12 ಚಿತ್ರಗಳಲ್ಲಿ ಒಂದರಲ್ಲಿ ಶವ ಇದ್ದರೆ ಜನ ನೆನಪಿಟ್ಟುಕೊಳ್ಳುವುದು ಅದೊಂದನ್ನೇ. ನಾಲ್ಕು ವರ್ಷ ನಿಮ್ಮ ಜೊತೆ ನಕ್ಕ ಹುಡುಗಿ ಆ ಒಂದು ಚಿತ್ರದ ಕೆಳಗೆ ಹೂತುಹೋಗುತ್ತಾಳೆ.

ಇದಕ್ಕೆ ಜರ್ಮನಿಯವರೆಗೆ ಹೋಗಬೇಕಾಗಿಯೂ ಇಲ್ಲ ಬಿಡಿ. ಭೀಮಾ ದಂಡೆಗೆ, ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿದ್ದೀರಾ? ಕಾಲೇಜಿನಿಂದ ಕರೆದುಕೊಂಡು ಹೋಗಿರಬಹುದು. ಆಗ ಬಿಸಿಲಲ್ಲಿ ಓಡಾಡಿ ನೀರು ಹುಡುಕಿದ್ದೇ ನೆನಪಿರುತ್ತದೆ. ಇನ್ನೊಮ್ಮೆ ಹೋಗಿ. 1990ರ ದಶಕದ ಅಗೆತದಲ್ಲಿ ಹೊರಬಂದ ಸ್ತೂಪ ಅದು. ಸುಣ್ಣಕಲ್ಲಿನ ಹಲಗೆಗಳ ತುಂಬ ಕಥೆಗಳು. ಅಶೋಕ ರಾಣಿಯ ಜೊತೆ ನಿಂತಿರುವ ಹಲಗೆಗಾಗಿ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ನೀವು ಅದರ ಪಕ್ಕದ ಹಲಗೆಗಳನ್ನೂ ನೋಡಿ. ಬುದ್ಧನನ್ನು ಕೆತ್ತಬೇಕಾದ ಕಡೆ ಎಷ್ಟೋ ಸಲ ಬುದ್ಧನೇ ಇಲ್ಲ. ಖಾಲಿ ಆಸನ ಇದೆ, ಪಾದದ ಗುರುತು ಇದೆ, ಮರ ಇದೆ. ಸುತ್ತ ನಿಂತವರೆಲ್ಲ ಕೈಮುಗಿದು ಆ ಖಾಲಿ ಜಾಗವನ್ನೇ ನೋಡುತ್ತಿದ್ದಾರೆ. ಆಸನ ಖಾಲಿ ಇದ್ದರೂ ಅಲ್ಲಿ ಯಾರಿದ್ದಾರೆ ಅನ್ನುವುದರಲ್ಲಿ ನಿಮಗೆ ಚೂರೂ ಅನುಮಾನ ಬರುವುದಿಲ್ಲ. ಯಾಕೆಂದರೆ ಶಿಲ್ಪಿ ಉಳಿದವರ ಕುತ್ತಿಗೆ, ಭುಜ, ಕಣ್ಣಿನ ದಿಕ್ಕು ಎಲ್ಲವನ್ನೂ ಅಲ್ಲಿಗೇ ತಿರುಗಿಸಿಟ್ಟಿದ್ದಾನೆ. ಇಲ್ಲದವರನ್ನು ತೋರಿಸುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಗೆ ನಿಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ ಕಲ್ಲಿನಲ್ಲಿ ಉತ್ತರ ಇದೆ. ಹಾಂ, ಅಶೋಕನ ಹಲಗೆಯ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರೂ ಬರೆದಿದ್ದಾರೆ. ಚಿತ್ರದ ಜೊತೆ ನಾಲ್ಕು ಅಕ್ಷರ ಬರೆದರೆ ಚಿತ್ರ ಸೋತಿತು ಎಂದು ನಮ್ಮ ಕಾಲೇಜುಗಳಲ್ಲಿ ಹೇಳುತ್ತಾರಲ್ಲ, ಅದನ್ನೂ ಅಲ್ಲೇ ಬಿಟ್ಟು ಬನ್ನಿ.

ಸಾವನ್ನು ಬಿಡಿಸಬೇಡಿ ಅನ್ನುವುದಕ್ಕೆ ಕಲೆಗೆ ಸಂಬಂಧ ಇಲ್ಲದ ಕಾರಣವೂ ಇದೆ. ಯಾರಾದರೂ ಹೇಗೆ ಜೀವ ಕಳೆದುಕೊಂಡರು, ಎಲ್ಲಿ, ಯಾವುದರಿಂದ ಎಂದು ವಿವರವಾಗಿ ತೋರಿಸಿದರೆ ಅದೇ ನೋವಿನಲ್ಲಿರುವ ಇನ್ನೊಬ್ಬರಿಗೆ ಅದು ದಾರಿ ತೋರಿಸಿದ ಹಾಗೆ ಆಗಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಪತ್ರಿಕೆಯವರಿಗೆ, ಸಿನಿಮಾದವರಿಗೆ ಹೇಳುತ್ತಾ ಬಂದಿದೆ: ವಿಧಾನ ತೋರಿಸಬೇಡಿ, ಜಾಗ ತೋರಿಸಬೇಡಿ, ಒಂದೇ ಕಾರಣಕ್ಕೆ ಹೀಗಾಯಿತು ಅನ್ನಬೇಡಿ, ಅದನ್ನೊಂದು ಬಿಡುಗಡೆಯ ಹಾಗೆ ಚಂದ ಮಾಡಬೇಡಿ. ನಿಮ್ಮ ಪ್ರದರ್ಶನಕ್ಕೆ ನಿಮ್ಮಂಥದೇ ಗುಟ್ಟು ಇಟ್ಟುಕೊಂಡ 19ರ ಹುಡುಗಿ ಒಬ್ಬಳಾದರೂ ಬಂದೇ ಬರುತ್ತಾಳೆ. ಅವಳನ್ನು ಮನಸ್ಸಿನಲ್ಲಿಟ್ಟುಕೊಂಡು 11ನೇ ಚಿತ್ರವನ್ನು ಇನ್ನೊಮ್ಮೆ ನೋಡಿ.

ಹಾಗಾದರೆ ಇಷ್ಟು ದಿನ ಬಿಡಿಸಿದ ಕಪ್ಪು ಕರಡುಗಳೆಲ್ಲ ದಂಡವಾ? ಇಲ್ಲ. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವವರ ಹತ್ತಿರ ಅರ್ಧ ದಿನ ಕೂತರೆ ಇದು ಅರ್ಥ ಆಗುತ್ತದೆ. ಬಿದ್ರಿಯ ಕಪ್ಪು ಎಲ್ಲರಿಗೂ ಗೊತ್ತು, ಅದು ಕೋಟೆಯ ಮಣ್ಣಿನಿಂದ ಬರುವುದೂ ಗೊತ್ತು. ಆದರೆ ಆ ಪಾತ್ರೆ ಎರಡು ಸಲ ಕಪ್ಪಾಗುತ್ತದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಸತು, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ. ಅದರ ಮೇಲೆ ಚೂಪು ಮೊನೆಯಿಂದ ಗೀರಿದರೆ ಗೆರೆ ಬಿಳಿಯಾಗಿ ಎದ್ದು ಕಾಣುತ್ತದೆ. ಆ ಕಪ್ಪು ಇರುವುದೇ ಗೆರೆ ಕಾಣಲಿ ಎಂದು. ಆಮೇಲೆ ಗೆರೆಯನ್ನು ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಉಜ್ಜುತ್ತಾರೆ. ಮೊದಲಿನ ಕಪ್ಪು ಪೂರ್ತಿ ಹೋಗುತ್ತದೆ. ಆ ಹೊತ್ತಿನಲ್ಲಿ ಪಾತ್ರೆ ಕೈಗೆ ತೆಗೆದುಕೊಂಡರೆ ಬೆಳ್ಳಿ ಯಾವುದು, ಸತು ಯಾವುದು ಬೇಗ ಗೊತ್ತೇ ಆಗುವುದಿಲ್ಲ, ಎಲ್ಲ ಒಂದೇ ಬೂದು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿಗೆ ಬಿದ್ದಾಗ ಸತು ಕಪ್ಪಾಗಿ ಬೆಳ್ಳಿ ಹಾಗೇ ಉಳಿಯುತ್ತದೆ. ಈ ಎರಡನೇ ಕಪ್ಪು ಹೋಗುವುದಿಲ್ಲ. ನಿಮ್ಮ ಈಗಿನ ಕರಡುಗಳು ಮೈಲುತುತ್ತದ ಕಪ್ಪು. ಅವನ್ನು ಮಾಡದೆ ನಿಮಗೆ ಗೆರೆ ಕಾಣುತ್ತಿರಲಿಲ್ಲ. ಉಜ್ಜುವ ದಿನ ಬಂದಿದೆ ಅಷ್ಟೇ. ನಿಮ್ಮ ಹತ್ತಿರ ಅವು ಇರಲಿ, ಗೋಡೆಗೆ ಬೇಡ.

ಬಣ್ಣದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ದುಃಖ ಎಂದರೆ ಕಪ್ಪು, ನೀಲಿ ಎಂದು ಯಾರೋ ಹೇಳಿಟ್ಟಿದ್ದಾರೆ. ಹಾಸ್ಟೆಲ್ ಗೋಡೆಗೆ ಯಾವ ಬಣ್ಣ ಇತ್ತು? ನೆಲ ಶಹಾಬಾದ್ ಕಲ್ಲಾ? ಕಿಟಕಿಯಾಚೆ ತೊಗರಿ ಹೊಲ ಇದ್ದರೆ ಹೂ ಬಿಟ್ಟಾಗಿನ ಹಳದಿ ಒಳಗೆ ಬರುತ್ತಿತ್ತಾ? ಇದ್ದ ಬಣ್ಣ ಹಾಕಿ. ಗಾಢ ಬೇಕಾದ ಕಡೆ ಟ್ಯೂಬಿನ ಕಪ್ಪು ಹಾಕಿದರೆ ಅಲ್ಲೊಂದು ತೂತು ಬಿದ್ದ ಹಾಗೆ ಕಾಣುತ್ತದೆ. ಬರ್ಂಟ್ ಅಂಬರಿಗೆ ಅಲ್ಟ್ರಾಮರೀನ್ ಕೂಡಿಸಿ, ಬೇಕಾದ ಹಾಗೆ ಬಿಸಿ ಕಡೆಗೋ ತಂಪು ಕಡೆಗೋ ತಿರುಗಿಸಬಹುದು. ಅಕ್ರಿಲಿಕ್ಕಿನಲ್ಲಿ ಮಾಡುವುದಾದರೆ ಏಪ್ರಿಲ್, ಮೇ ಬಿಟ್ಟುಬಿಡಿ. ಕಲಬುರಗಿ ಬಿಸಿಲಿಗೆ ಕುಂಚ ಎತ್ತಿ ಇಡುವಷ್ಟರಲ್ಲಿ ಪ್ಯಾಲೆಟ್ ಮೇಲೆ ಬಣ್ಣ ಚರ್ಮ ಕಟ್ಟುತ್ತದೆ. ಬಿಡಲಾಗದಿದ್ದರೆ ಒದ್ದೆ ಸ್ಪಂಜಿನ ಮೇಲೆ ಬಟರ್ ಪೇಪರ್ ಹಾಸಿ ಅದರ ಮೇಲೆ ಬಣ್ಣ ಇಟ್ಟುಕೊಳ್ಳಿ.

ಈಗ 12ನೇ ಚಿತ್ರ, ಆ ‘ಬೆಳಕು’. ಇಲ್ಲಿ ನನಗೆ ನಿಮ್ಮ ಮೇಲೆ ಸ್ವಲ್ಪ ತಕರಾರಿದೆ. ಹನ್ನೊಂದು ಚಿತ್ರಗಳಲ್ಲಿ ನಿಮ್ಮ ಮುಖ ಇಲ್ಲ. ಬೆನ್ನು, ಸೆರಗು, ಬಾಗಿಲ ಮರೆ. ಹನ್ನೆರಡನೆಯದರಲ್ಲಿ ಒಮ್ಮೆಗೇ ಬೆಳಕಿನ ಕಡೆ ತಿರುಗಿ ನಿಂತಿದ್ದೀರಿ. ನಂಬಿಕೆ ಬರುವುದಿಲ್ಲ. ತನ್ನನ್ನು ತಾನು ಒಪ್ಪಿಕೊಂಡಿದ್ದು ಕೊನೆಯಲ್ಲಿ ಘೋಷಣೆಯ ಹಾಗೆ ಬಂದರೆ ಶಾಲೆಯ ಗ್ಯಾದರಿಂಗ್ ನಾಟಕದ ಕೊನೆಯ ದೃಶ್ಯದ ಹಾಗಾಗುತ್ತದೆ. ಅದು ಮೊದಲ ಚಿತ್ರದಿಂದ ನಿಮ್ಮ ಭುಜದಲ್ಲಿ, ಕೂತ ರೀತಿಯಲ್ಲಿ ನಿಧಾನಕ್ಕೆ ಬರಬೇಕು. ಮೊದಮೊದಲು ತಾಟಿನಿಂದ ದೂರ ಕೂತ ಹುಡುಗಿ ಆಮೇಲೆ ಚಕ್ಕಂಬಕ್ಕಳ ಹಾಕಿ ಕೂತರೆ ಸಾಕು, ನೋಡುವವರಿಗೆ ಗೊತ್ತಾಗುತ್ತದೆ.

ಇಬ್ಬರ ಉದಾಹರಣೆ ಕೊಡುತ್ತೇನೆ. ಮೆಕ್ಸಿಕೊದ ಫ್ರೀಡಾ ಕಾಹ್ಲೊ 1939ರಲ್ಲಿ, ಗಂಡನಿಂದ ವಿಚ್ಛೇದನ ಆದ ವರ್ಷ, ತನ್ನನ್ನೇ ಇಬ್ಬರನ್ನಾಗಿ ಬಿಡಿಸಿಕೊಂಡಳು. ಅಕ್ಕಪಕ್ಕ ಕೂತ ಎರಡು ಫ್ರೀಡಾ, ಕೈ ಕೈ ಹಿಡಿದಿದ್ದಾರೆ. ಎರಡು ಹೃದಯ ಹೊರಗೆ ಕಾಣುತ್ತವೆ, ನಡುವೆ ಒಂದೇ ರಕ್ತನಾಳ. ಒಬ್ಬಳ ಕೈಯಲ್ಲಿ ಗಂಡನ ಪುಟ್ಟ ಚಿತ್ರ. ಇನ್ನೊಬ್ಬಳು ಇಕ್ಕುಳದಿಂದ ರಕ್ತ ತಡೆಹಿಡಿದಿದ್ದಾಳೆ, ಆದರೂ ಬಿಳಿ ಲಂಗದ ಮೇಲೆ ಹನಿ ಬಿದ್ದಿದೆ. ಇಷ್ಟೆಲ್ಲ ಇದ್ದರೂ ಎರಡೂ ಮುಖಗಳು ಅಳುತ್ತಿಲ್ಲ, ನೇರ ನಮ್ಮನ್ನೇ ನೋಡುತ್ತವೆ. ನೋವಿನಲ್ಲಿ ಮುಳುಗಿದಾಗಲೇ ದೊಡ್ಡ ಕಲೆ ಹುಟ್ಟುತ್ತದೆ ಎಂದು ನಂಬುವವರು ಈ ಚಿತ್ರವನ್ನೇ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ಸುಮಾರು ಐದೂಮುಕ್ಕಾಲು ಅಡಿಯ ಚೌಕ ಕ್ಯಾನ್ವಾಸು, ಅಳೆದು ತೂಗಿ ಇಟ್ಟ ಎರಡು ದೇಹ. ಅತ್ತುಕೊಂಡು ಇದನ್ನು ಬಿಡಿಸಲು ಆಗುವುದಿಲ್ಲ, ಅತ್ತು ಮುಗಿಸಿ ಕೂತವರ ಕೆಲಸ ಇದು.

ಇನ್ನೊಬ್ಬರು ಬರೋಡಾದ ಭೂಪೇನ್ ಖಖ್ಖರ್. ವೃತ್ತಿಯಲ್ಲಿ ಅಕೌಂಟೆಂಟ್. ಗಂಡಸರನ್ನು ಪ್ರೀತಿಸುವವನು ತಾನು ಎಂದು ಹೇಳಿಕೊಳ್ಳಲು ಅವರಿಗೆ ಅರ್ಧ ಆಯುಷ್ಯ ಬೇಕಾಯಿತು. 1981ರಲ್ಲಿ ಬಿಡಿಸಿದ ಚಿತ್ರದಲ್ಲಿ ಒಬ್ಬ ಮನುಷ್ಯ ಬಟ್ಟೆ ಇಲ್ಲದೆ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಾನೆ. ಕೆಳಗೆ ಅಪ್ಪ, ಮಗ, ಕತ್ತೆಯ ಕಥೆ ನಡೆಯುತ್ತಿದೆ. ಯಾರು ಕತ್ತೆ ಮೇಲೆ ಕೂತರೂ ಊರವರು ಒಂದು ಮಾತು ಆಡುತ್ತಾರಲ್ಲ, ಅದೇ. ಚಿತ್ರದ ಹೆಸರು ಕೂಡ ‘ಎಲ್ಲರನ್ನೂ ಮೆಚ್ಚಿಸಲಾಗದು’ ಎಂಬ ಅರ್ಥದ್ದೇ. ಅಲ್ಲಿ ಬೆಳಕಿನ ಕಿರಣ ಇಲ್ಲ, ಚಿಟ್ಟೆ ಇಲ್ಲ. ತನ್ನ ಮನೆಯಲ್ಲಿ ತಾನು ನಿಂತಿದ್ದಾನೆ, ಅಷ್ಟೇ.

ಅದಕ್ಕೇ ನಿಮಗೊಂದು ಅಭ್ಯಾಸ. ಕನ್ನಡಿ ಇಟ್ಟುಕೊಂಡು ದಿನಕ್ಕೆ 20 ನಿಮಿಷ, ಹತ್ತು ದಿನ, ನಿಮ್ಮ ಮುಖ ಬಿಡಿಸಿ. ರಬ್ಬರ್ ಮುಟ್ಟಬೇಡಿ. ಚಂದ ಬರಬೇಕಾಗಿಲ್ಲ. ಮೊದಲ ನಾಲ್ಕು ದಿನ ಬಹಳ ಕೆಟ್ಟದಾಗಿ ಬರುತ್ತದೆ, ನನ್ನ ವಿದ್ಯಾರ್ಥಿಗಳೆಲ್ಲರಿಗೂ ಹಾಗೇ ಆಗಿದೆ. ಆ ಹತ್ತು ದಿನ ಮುಗಿಯುವವರೆಗೆ 12ನೇ ಚಿತ್ರದ ಮಾತು ಬೇಡ.

ರೂಪದ ಬಗ್ಗೆ ನೀವು ಕೇಳಿಲ್ಲ, ಆದರೂ 12 ಎಂಬ ಲೆಕ್ಕ ಯಾಕೆ? ಸಾಲಾಗಿ ತೂಗುಹಾಕಿದ ಚಿತ್ರಗಳನ್ನು ಜನ ನೀವು ಅಂದುಕೊಂಡ ಕಡೆಯಿಂದ ನೋಡುತ್ತಾ ಬರುವುದಿಲ್ಲ. ಬಾಗಿಲು ಎಲ್ಲಿದೆಯೋ ಅಲ್ಲಿಂದ ಶುರು. ಹಾಗಾಗಿ ಹಿಂದುಮುಂದು ನೋಡಿದರೂ ನಿಲ್ಲುವ ಐದೋ ಆರೋ ಚಿತ್ರ ಸಾಕು. ಇಲ್ಲವೇ ಒಂದೇ ದೊಡ್ಡ ಹಲಗೆಯಲ್ಲಿ ನಿಮ್ಮನ್ನು ಮೂರ್ನಾಲ್ಕು ಸಲ ಬಿಡಿಸಬಹುದು. ನಮ್ಮ ಹಳೆಯ ಶಿಲ್ಪಿಗಳು ಮಾಡುತ್ತಿದ್ದದ್ದೇ ಇದು: ಒಂದೇ ಚೌಕಟ್ಟು, ಅದೇ ಮನುಷ್ಯ ಬೇರೆ ಬೇರೆ ಹೊತ್ತಿನಲ್ಲಿ. 19ರ ನೀವು, 27ರ ನೀವು ಒಂದೇ ಕೋಣೆಯಲ್ಲಿ. ಗೋಜಲಾಗುವ ಅಪಾಯ ಇದೆ, ಆದರೆ ನಿಮ್ಮ ಕಥೆಗೆ ನಾನಾದರೆ ಇದನ್ನೇ ಆರಿಸುತ್ತಿದ್ದೆ. ಮೂರನೆಯದು ಕೈಯಲ್ಲಿ ಹಿಡಿದು ನೋಡುವ ಪುಸ್ತಕ. ಸುರಪುರದ ಹಳೆಯ ಚಿತ್ರಗಳನ್ನು ನೀವು ಊರಲ್ಲೇ ನೋಡಿರುತ್ತೀರಿ. ಕೂದಲೆಳೆಯಂಥ ಗೆರೆ, ಚಿನ್ನದ ಕೆಲಸ, ಮೂಗು ತಾಗುವಷ್ಟು ಹತ್ತಿರ ಹೋದರೆ ಮಾತ್ರ ಸಿಗುತ್ತವೆ. ಗುಟ್ಟಿನ ಕಥೆಗೆ ಆ ಅಳತೆ ಒಳ್ಳೆಯದು, ಒಂದು ಸಲಕ್ಕೆ ಒಬ್ಬರೇ ನೋಡಲು ಸಾಧ್ಯ. ತೊಂದರೆ ಎಂದರೆ ಪ್ರದರ್ಶನದಲ್ಲಿ ಅರ್ಧ ಜನ ಪುಸ್ತಕ ಮುಟ್ಟುವುದೇ ಇಲ್ಲ.

ಪತ್ರಗಳನ್ನು ಅಂಟಿಸಬೇಡಿ. ಕಾಗದ ನಿಮ್ಮದು, ಅದರ ಮೇಲಿನ ಮಾತು ಬರೆದವಳದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದವರು ತೀರಿಕೊಂಡ ಮೇಲೂ ದಶಕಗಳ ಕಾಲ ಆ ಹಕ್ಕು ವಾರಸುದಾರರಿಗೆ ಹೋಗುತ್ತದೆ. ನಿಮ್ಮ ವಿಷಯದಲ್ಲಿ ಆ ವಾರಸುದಾರರು ಯಾರು ಎಂದು ಯೋಚನೆ ಮಾಡಿ. ಕಾನೂನು ಬದಿಗಿಟ್ಟರೂ, ಅವಳು ಬರೆದಿದ್ದು ನಿಮಗೊಬ್ಬರಿಗೆ. ಮಡಿಚಿದ ಪತ್ರದ ಚಿತ್ರವನ್ನು ಮಡಿಚಿದ ಹಾಗೇ ಬಿಡಿಸಿ. ಎಂಟು ಮಡಿಕೆ ಇದ್ದರೆ ಎಂಟೂ ಬರಲಿ. ಮಡಿಕೆ ಕೂಡುವ ಜಾಗದಲ್ಲಿ ಕಾಗದ ಮೊದಲು ಸವೆಯುತ್ತದೆ, ಅಲ್ಲೊಂದು ಸಣ್ಣ ತೂತು ಬಿದ್ದಿರುತ್ತದೆ. ಎಷ್ಟು ಸಲ ಬಿಚ್ಚಿ ಓದಿದ್ದೀರಿ ಎಂದು ಆ ತೂತೇ ಹೇಳುತ್ತದೆ.

ಗುರುತು ಹಿಡಿಯುತ್ತಾರಾ? ಮುಖ ಬದಲಿಸಿದರೆ ಸಾಕು ಅನ್ನುವುದು ಸುಳ್ಳು. ನನ್ನ ವಿದ್ಯಾರ್ಥಿಯೊಬ್ಬ ತನ್ನ ಕಾಕಾನ ಮುಖವನ್ನೇ ಬಿಡಿಸದೆ ಕಟ್ಟೆ ಮೇಲೆ ಕೂತ ದೇಹ ಮಾತ್ರ ಬಿಡಿಸಿದ್ದ. ಪ್ರದರ್ಶನಕ್ಕೆ ಬಂದ ಅವನ ದೊಡ್ಡವ್ವ ಬಾಗಿಲಿನಿಂದಲೇ “ಏ, ಇವ ನಮ್ಮವನ್ ಅಲ್ಲೇನೋ” ಅಂದಳು. ಟವೆಲ್ ಹೆಗಲ ಮೇಲೆ ಹಾಕುವ ರೀತಿ ಸಾಕಾಗಿತ್ತು. ನಮ್ಮ ಕಡೆ ಜನ ಗುರುತು ಹಿಡಿಯುವುದು ಮನೆ ಬಾಗಿಲಿನಿಂದ, ಮೂಗುತಿಯಿಂದ, ನಿಲ್ಲುವ ರೀತಿಯಿಂದ. ಬದಲಿಸುವುದಾದರೆ ಇವನ್ನು ಬದಲಿಸಿ. ಅವಳ ಮದುವೆ ಮನೆ, ಗಂಡ, ಅತ್ತೆ ಯಾರನ್ನೂ ತರಬೇಡಿ. ಅವರ ಮನೆಯೊಳಗೆ ಏನಾಯಿತು ಎಂದು ನೀವು ಕಂಡಿಲ್ಲ. ನಾನು ಮೊದಲು ಹೇಳಿದ ನಿಮ್ಮ ಅರ್ಧ ಹಾಸ್ಟೆಲ್ ರೂಮಿನಲ್ಲಿದೆ.

ಬಿಡಿಸುವುದು ಬೇರೆ, ತೋರಿಸುವುದು ಬೇರೆ. ಎರಡನ್ನೂ ಒಟ್ಟಿಗೆ ನಿರ್ಧರಿಸಬೇಡಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ನಿಮ್ಮಂಥ ಪ್ರೀತಿ ಅಪರಾಧ ಅಲ್ಲ, ಅದು ಸರಿ. ಆದರೆ ಮನೆಯವರು, ಶಾಲೆಯ ಆಡಳಿತದವರು ತೀರ್ಪು ಓದಿ ಮಾತಾಡುವುದಿಲ್ಲ. ಯಾರೋ ಒಬ್ಬರು ಮೊಬೈಲಿನಲ್ಲಿ ಫೋಟೊ ತೆಗೆದರೆ ಸಂಜೆಯೊಳಗೆ ಊರ ವಾಟ್ಸ್ಯಾಪ್ ಗುಂಪಿನಲ್ಲಿ ಇರುತ್ತದೆ. ಮೊದಲು ನಂಬಿಕೆಯ ಇಬ್ಬರಿಗೆ ತೋರಿಸಿ. ಆಮೇಲೆ ದೂರದ ಊರಿನಲ್ಲಿ, ಗುಂಪು ಪ್ರದರ್ಶನದಲ್ಲಿ, ಬೇಕಿದ್ದರೆ ಬೇರೆ ಹೆಸರಿನಲ್ಲಿ. ಐದು ವರ್ಷ ಮಂಚದ ಕೆಳಗೆ ಇಟ್ಟರೂ ಚಿತ್ರಕ್ಕೆ ಏನೂ ಆಗುವುದಿಲ್ಲ, ಗೆದ್ದಲು ಬರದಂತೆ ನೋಡಿಕೊಳ್ಳಿ.

ನಿದ್ದೆಯ ವಿಷಯ. ನಾನು ವೈದ್ಯ ಅಲ್ಲ. ಚಿತ್ರ ಬಿಡಿಸುವವನಾಗಿ ಹೇಳುವುದಾದರೆ, 11ನೆಯದನ್ನು ಇವತ್ತೇ ಗೋಡೆ ಕಡೆ ತಿರುಗಿಸಿ ಇಡಿ. ರಾತ್ರಿ ಕೆಲಸ ಮಾಡಬೇಡಿ, ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಮಾಡಿ. ಚಿತ್ರ ಮುಟ್ಟದೆ ಇದ್ದರೂ ನಿದ್ದೆ ಬರದಿದ್ದರೆ, ಅಥವಾ ಅವಳ ದಾರಿಯೇ ನನಗೂ ಎಂಬ ಯೋಚನೆ ಒಮ್ಮೆ ಸುಳಿದರೂ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಪಡಬೇಡಿ ತಾಯಿ.

ಮೊದಲ ಚಿತ್ರ ತಾಟಿನಿಂದ ಶುರು ಮಾಡಿ. ಒಂದು ಸ್ಟೀಲ್ ತಾಟು, ನಡುವೆ ಮುರಿದ ಜೋಳದ ರೊಟ್ಟಿ, ಒಂದು ಬದಿಗೆ ಶೇಂಗಾ ಹಿಂಡಿ, ಎರಡು ಕಡೆಯಿಂದ ಎರಡು ಕೈ. ಯಾರು ಬಲಗೈ ಚಾಚಿದಾಗ ಯಾರ ಮೊಣಕೈ ತಾಗುತ್ತಿತ್ತು, ನೆನಪು ಮಾಡಿಕೊಳ್ಳಿ. ತಾಟು ಅವಳ ಮನೆಯದಾದರೆ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಅವರಪ್ಪನ ಹೆಸರು ಹಾಕಿಸಿರುತ್ತಾರೆ. ರೊಟ್ಟಿಯ ಒಂದು ತುಂಡನ್ನು ಆ ಕಡೆಗೆ ಸರಿಸಿ ಇಡಿ.